ಕೋಬಾಲ್ಟ್ ಬರುವ ತನಕ

ತಮಿಳುನಾಡಿನ ತೇನಿಯಲ್ಲಿ ಕೂತು ನಾನು ಮಾಡುವ ಕೆಲಸ ಏನೆಂದು ಅವ್ವನಿಗೆ ಇವತ್ತಿಗೂ ಅರ್ಥ ಮಾಡಿಸಲು ಆಗಿಲ್ಲ. ನಮ್ಮ ದೇಶ ಹೊರಗಿನಿಂದ ಯಾವ ಯಾವ ಅಣು ಉಪಕರಣ ತರಿಸಿಕೊಳ್ಳುತ್ತಿದೆ, ಹೋದ ವರ್ಷಕ್ಕಿಂತ ಹೆಚ್ಚೋ ಕಡಿಮೆಯೋ ಎಂದು ಚೆನ್ನೈನ ಒಂದು ಕಂಪನಿಗೆ ವರದಿ ಬರೆಯುವವಳು ನಾನು. ಸ್ಥಾವರದ ಪಂಪು, ಕವಾಟ, ವಿಕಿರಣ ಅಳೆಯುವ ಯಂತ್ರ, ಆಸ್ಪತ್ರೆಯ ಕಿರಣ ಚಿಕಿತ್ಸೆಗೆ ಬೇಕಾದ ಕೋಬಾಲ್ಟ್, ಎಲ್ಲವೂ ನನ್ನ ಕಂಪ್ಯೂಟರಿನಲ್ಲಿ ಅಂಕಿಗಳಾಗಿ ಹಾದುಹೋಗುತ್ತವೆ. ಒಂದನ್ನೂ ಕಣ್ಣಾರೆ ಕಂಡವಳಲ್ಲ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಅವ್ವ ಹುರಿಯುವ ಮೆಣಸಿನಕಾಯಿಯ ಘಾಟಿಗೆ ಸೀನುತ್ತಾ, ದೇಶದ ಅಣುಶಕ್ತಿ ಯಾವ ದಿಕ್ಕಿಗೆ ಹೊರಟಿದೆ ಎಂದು ದೊಡ್ಡ ಮನುಷ್ಯರ ಹಾಗೆ ಬರೆಯುತ್ತಿದ್ದೆ. ಆಮದು ಇಳಿದರೆ ನಮ್ಮ ಮೇಲಿನವರಿಗೆ ಖುಷಿ. 'ಸ್ವಾವಲಂಬನೆಯತ್ತ ದಾಪುಗಾಲು' ಎಂದು ಒಂದು ಸಾಲು ಸೇರಿಸಿದರೆ ಇನ್ನೂ ಖುಷಿ. ಆ ಸಾಲನ್ನು ಎಷ್ಟು ವರದಿಗಳಿಗೆ ಅಂಟಿಸಿದ್ದೇನೋ ನೆನಪಿಲ್ಲ.

ಅಕ್ಕನನ್ನು ಓಡೈಪಟ್ಟಿಯ ದ್ರಾಕ್ಷಿ ಬೆಳೆಯುವ ಮನೆಗೆ ಕೊಟ್ಟಿದ್ದೆವು. ಎದೆಯಲ್ಲಿ ಕ್ಯಾನ್ಸರಿನ ಗಂಟು ಕಾಣಿಸಿಕೊಂಡು, ಆಪರೇಷನ್ ಆಗಿ, ಇನ್ನು ಕೆಲವು ವಾರ ದಿನವೂ ಕಿರಣ ಕೊಡಿಸಬೇಕು ಎಂದಾಗ ಅವಳು ನಮ್ಮ ಮನೆಗೆ ಬಂದಳು. ಆಸ್ಪತ್ರೆ ಇದ್ದದ್ದು ದಿಂಡುಗಲ್ ಕಡೆಗೆ. ತೇನಿಯಿಂದಾದರೆ ನೇರ ಬಸ್ಸು ಸಿಗುತ್ತಿತ್ತು. ದಿನವೂ ಬೆಳಿಗ್ಗೆ ಅವಳನ್ನು ಕರೆದುಕೊಂಡು ನಾನೇ ಹೋಗುತ್ತಿದ್ದೆ. ಬಸ್ಸಿನಲ್ಲಿ ಅವಳು ಕಿಟಕಿ ಪಕ್ಕ, ನಾನು ಮಡಿಲಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಅವಳ ಪಕ್ಕ.

ಮೊದಲ ದಿನವೇ ಅವಳ ಎದೆಯ ಮೇಲೆ ನೇರಳೆ ಶಾಯಿಯಲ್ಲಿ ಗುರುತು ಹಾಕಿದ್ದರು. ಕಿರಣ ಎಲ್ಲಿ ಬೀಳಬೇಕು ಎಂಬುದಕ್ಕೆ ಅದೇ ಆಧಾರ, ಮುಗಿಯುವ ತನಕ ಅಲ್ಲಿಗೆ ಸೋಪು, ಎಣ್ಣೆ ಏನೂ ತಾಗಬಾರದು ಎಂದು ಒತ್ತಿ ಹೇಳಿದರು. ಮನೆಗೆ ಬಂದು ಅವ್ವನಿಗೂ ಹೇಳಿದೆವು. ಆಗಲಿ ಎಂದಳು. ದಿನಾ ಬಿಸಿನೀರಿನಲ್ಲಿ ಬಟ್ಟೆ ಅದ್ದಿ, ಆ ಜಾಗ ಬಿಟ್ಟು, ಮಗಳ ಮೈ ಒರೆಸುತ್ತಿದ್ದಳು.

ಆದರೆ ದೀಪಾವಳಿ ಬಂತು. ಅವತ್ತು ಆಸ್ಪತ್ರೆಗೆ ರಜೆ. ನಾನು ಏಳುವ ಹೊತ್ತಿಗೆ ಅಕ್ಕ ಜಗುಲಿಯ ಮೇಲೆ ಕೂತು ತಲೆ ಒಣಗಿಸಿಕೊಳ್ಳುತ್ತಿದ್ದಳು. ಅವಳ ಮುಖದಲ್ಲಿ ಅಂಥ ಕಳೆ ಕಂಡು ಎಷ್ಟು ದಿನಗಳಾಗಿದ್ದವೋ. ನಾನು ಮಾತ್ರ ನೇರ ಅವ್ವನ ಬಳಿಗೆ ಹೋದೆ.

"ಅವ್ವಾ, ಎದೆ ಮೇಲಿನ ಗುರ್ತು?"

"ಸೀಯಕಾಯ್ಗೆ ತಾನಾಗೇ ಓಯ್ತು. ದೀವಾಳಿ ದಿವ್ಸ ಎಣ್ಣೆ ಆಕ್ದೆ ಎಂಗೆ ಬುಡಾದು, ನನ್ ಕಣ್ಣು? ಸಾವಾದ ಮನೇಲಿ ತಾನೆ ಎಣ್ಣೆ ಆಕ್ದೆ ಇರಾದು?"

ಅಕ್ಕನೂ ಅವಳ ಪರವೇ. "ಬಯ್ಬ್ಯಾಡ ಬುಡು, ತಂಗೀ. ಮೈಯೆಲ್ಲ ಅಗುರಾಗದೆ," ಎಂದು ನಕ್ಕಳು.

ಗುರುತಿಲ್ಲದೆ ಕಿರಣ ಕೊಡುವಂತಿರಲಿಲ್ಲ; ಮತ್ತೆ ಅಳೆದು ಗುರುತು ಹಾಕುವ ಡಾಕ್ಟರು ಆ ಆಸ್ಪತ್ರೆಗೆ ವಾರಕ್ಕೊಮ್ಮೆ ಬರುವವರು. ಆ ವಾರ ಸುಮ್ಮನೆ ಹೋಯಿತು. ಮತ್ತೆ ಶುರುವಾದಾಗ, ಒಳಗೆ ಹೋದವರು ಹೊರಗೆ ಬರಲು ಹಿಡಿಯುವ ಹೊತ್ತು ಮೊದಲಿಗಿಂತ ಉದ್ದವಾಗಿತ್ತು. ಬೆಂಚಿನ ಮೇಲೆ ಕಾಯುವವರ ಸಾಲೂ ಉದ್ದವಾಗಿತ್ತು. ಯಂತ್ರ ನಡೆಸುವವರನ್ನು ಕೇಳಿದೆ. ಒಳಗಿರುವ ಕೋಬಾಲ್ಟ್ ಹಳೆಯದಾದಷ್ಟೂ ಶಕ್ತಿ ಕುಂದುತ್ತದೆ, ಅಷ್ಟೇ ಕಿರಣ ಕೊಡಲು ಹೆಚ್ಚು ಹೊತ್ತು ಬೇಕು, ಹೊಸದು ಹೊರದೇಶದಿಂದ ಬರಬೇಕು, ಬರುತ್ತದೆ ಅಂತ ಹೇಳುತ್ತಲೇ ಇದ್ದಾರೆ ಎಂದರು. ಕೆಲವೇ ದಿನಗಳಲ್ಲಿ ಆ ಕೋಣೆಯ ಬಾಗಿಲು ಹಾಕಿದರು. ನಮಗೆ ಮದುರೈಯ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಅಲ್ಲಿ ನಮ್ಮ ಹಾಗೆಯೇ ಬೇರೆ ಬೇರೆ ಊರುಗಳಿಂದ ಬರೆಸಿಕೊಂಡು ಬಂದವರೆಲ್ಲ ನಮಗಿಂತ ಮುಂದೆ ಇದ್ದರು.

ಅವತ್ತು ಮನೆಗೆ ಬಂದವಳೇ ಕಂಪ್ಯೂಟರ್ ತೆಗೆದು ಕೋಬಾಲ್ಟಿನ ಆಮದು ನೋಡಿದೆ. ಇಳಿದಿತ್ತು. ಇಳಿಯುತ್ತಲೇ ಇತ್ತು. ನಾನೇ ಅದರ ಕೆಳಗೆ ಆ ಖುಷಿಯ ಸಾಲು ಬರೆದಿದ್ದೆ. ಆಮದು ಇಳಿಯಿತು ಎಂದರೆ ನಮಗೆ ಬೇಕಾದದ್ದನ್ನು ನಾವೇ ಮಾಡಿಕೊಂಡೆವು ಎಂದೂ ಆಗಬಹುದು, ಇಲ್ಲದೆಯೇ ಕಾದು ಕೂತಿದ್ದೇವೆ ಎಂದೂ ಆಗಬಹುದು. ಅಂಕಿಗೆ ಎರಡೂ ಒಂದೇ. ನಮ್ಮ ಮ್ಯಾನೇಜರಿಗೆ ಫೋನ್ ಮಾಡಿ, ಅಲ್ಲೊಂದು ಟಿಪ್ಪಣಿ ಹಾಕೋಣ, ಆಸ್ಪತ್ರೆಗಳು ಕಾಯುತ್ತಿವೆ ಎಂದು ಬರೆಯೋಣ ಎಂದೆ. ಒಳ್ಳೆಯ ಮನುಷ್ಯರೇ, ತಾಳ್ಮೆಯಿಂದ ಕೇಳಿಸಿಕೊಂಡರು. ಅದು ತೀರಾ ಸಣ್ಣ ಬಾಬ್ತು, ಸ್ಥಾವರಗಳ ಯಂತ್ರದ ಮುಂದೆ ಲೆಕ್ಕಕ್ಕೇ ಬರುವುದಿಲ್ಲ ಎಂದರು. ಅವರು ಹೇಳಿದ್ದು ನಿಜ. ಅದಕ್ಕೇ ನನಗೆ ಮೈ ಉರಿದುಹೋಯಿತು. ಫೋನ್ ಇಟ್ಟು ಹಿತ್ತಲಿಗೆ ಹೋಗಿ ಅತ್ತೆ.

ಮದುರೈಯಿಂದ ಕರೆ ಬರುವ ಮೊದಲೇ ಅಕ್ಕನಿಗೆ ಉಸಿರಾಟದ ತೊಂದರೆ ಶುರುವಾಯಿತು. ರೋಗ ಶ್ವಾಸಕೋಶಕ್ಕೆ ಇಳಿದಿದೆ, ಇನ್ನು ಕಿರಣದಿಂದ ಪ್ರಯೋಜನವಿಲ್ಲ, ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ನೋಡಿಕೊಂಡೆವು. ಸಂಕ್ರಾಂತಿಗೆ ಶುರುವಾಗುವ ತೈ ತಿಂಗಳು ಮುಗಿಯುವಷ್ಟರಲ್ಲಿ ಅವಳು ಹೋಗಿಬಿಟ್ಟಳು.

ಅವ್ವ ಆಮೇಲೆ ಹಿಡಿದದ್ದು ಒಂದೇ ಮಾತು. "ನೀ ಓದ್ದೋಳು, ಇರಾದ್ ಇದ್ದಂಗೆ ಏಳು. ಆ ವಾರ ದಂಡ ಆಗ್ದೆ ಇದ್ರೆ ಕಿರಣ ಎಲ್ಲಾ ಮುಗ್ದಿರ್ತಿತ್ತು ತಾನೆ? ಎಣ್ಣೆ ಆಕ್ದ ಕೈ ಇದು."

ಇಲ್ಲವ್ವ, ಆ ವಾರ ಸಿಕ್ಕಿದ್ದರೂ ಅರ್ಧಕ್ಕೇ ನಿಲ್ಲುತ್ತಿತ್ತು, ಯಂತ್ರದೊಳಗೆ ಇರಬೇಕಾದದ್ದು ಇರಲಿಲ್ಲ, ಸಮುದ್ರದ ಆಚೆಯಿಂದ ಬರಬೇಕಿತ್ತು, ಬರಲಿಲ್ಲ ಎಂದು ನನಗೆ ತಿಳಿದ ಬಗೆಯಲ್ಲೆಲ್ಲ ಹೇಳಿದೆ. ಮನೆಯ ಕನ್ನಡದಲ್ಲಿ ಹೇಳಿದೆ, ಊರಿನ ತಮಿಳಿನಲ್ಲಿ ಹೇಳಿದೆ. ಸಮುದ್ರದ ಆಚೆಯವರ ಮೇಲೆ ಅವಳಿಗೆ ಕೋಪ ಬರಲೊಲ್ಲದು. ಕಾಣದವರನ್ನು ಬಯ್ಯುವುದಕ್ಕಿಂತ ತನ್ನ ಕೈಯನ್ನು ಬಯ್ಯುವುದೇ ಅವಳಿಗೆ ಸುಲಭ. ಇಷ್ಟು ವರ್ಷ ವರದಿ ಬರೆದವಳಿಗೆ ಹೆತ್ತ ತಾಯಿಯ ಎದೆಯಿಂದ ಆ ಒಂದು ವಾರವನ್ನು ತೆಗೆದುಹಾಕಲು ಆಗಲಿಲ್ಲ. ಇನ್ನು ಆಗುವುದೂ ಇಲ್ಲ.

ಬಿಸಿಲು ಏರುತ್ತಿದ್ದ ದಿನಗಳು. ಒಂದು ಬೆಳಿಗ್ಗೆ ಅವ್ವ ನುಗ್ಗೆಸೊಪ್ಪು ಬಿಡಿಸುತ್ತಾ ಕೂತಿದ್ದಾಗ ಅವಳ ಫೋನ್ ಬಡಿದುಕೊಂಡಿತು. ದಿಂಡುಗಲ್ ಕಡೆಯ ಅದೇ ಆಸ್ಪತ್ರೆ. ನಾವು ಕೊಟ್ಟಿದ್ದು ಅವ್ವನ ನಂಬರು. ಆ ಕಡೆಯ ಹುಡುಗಿಯ ದನಿ ನನಗೂ ಕೇಳಿಸುತ್ತಿತ್ತು. ಕೋಬಾಲ್ಟ್ ಬಂದಿದೆ, ಯಂತ್ರ ಸರಿಹೋಗಿದೆ, ನಿಮ್ಮ ಮಗಳನ್ನು ನಾಳೆಯಿಂದ ಕರೆದುಕೊಂಡು ಬನ್ನಿ ಎಂದು ಸಂತೋಷದಿಂದಲೇ ಹೇಳಿದಳು.

ನಾನು ಫೋನಿಗೆ ಕೈ ಚಾಚಿದೆ. ಅವ್ವ ಕೊಡಲಿಲ್ಲ. ಸೆರಗಿನಿಂದ ಬಾಯಿ ಒರೆಸಿಕೊಂಡು, ಸಮಾಧಾನದ ತಮಿಳಿನಲ್ಲಿ, ಅವಳು ಗಂಡನ ಮನೆಗೆ ಹೋಗಿದ್ದಾಳಮ್ಮ, ತೋಟದಲ್ಲಿ ದ್ರಾಕ್ಷಿ ಬಳ್ಳಿ ಸವರುವ ಕೆಲಸ ನಡೆಯುತ್ತಿದೆ, ಈಗ ಬರಲಾಗುವುದಿಲ್ಲ ಎಂದಳು. ಹುಡುಗಿ ಮತ್ತೇನೋ ಕೇಳಿದಳು. ಅವ್ವ ಕೇಳಿಸಿಕೊಂಡು, ಅವಳ ಸರದಿಯನ್ನು ಬೇರೆ ಯಾರಿಗಾದರೂ ಕೊಟ್ಟುಬಿಡು ತಾಯಿ, ಕಾಯುತ್ತಾ ಕೂತಿರುತ್ತಾರೆ ಎಂದಳು.