ಜಗದೇವಿ ಟೀಚರ್ ನೀರು ಕುಡಿದ ದಿನ

ತಾಂಡೂರಿನ ಜಗದೇವಿ ಟೀಚರಿಗೆ ಐವತ್ತೆರಡು ವರ್ಷ. ಅದರಲ್ಲಿ ಇಪ್ಪತ್ತಾರು ವರ್ಷ ಅವರು ಯಾಲಾಲ್ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತ ಕಳೆದಿದ್ದರು. ಏಳನೇ ತರಗತಿಗೆ ನೀರಿನ ಪಾಠ ಬಂತೆಂದರೆ ಬೋರ್ಡಿನ ಮೇಲೆ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಮೂತ್ರಪಿಂಡ ಬಿಡಿಸಿ, ದಿನಕ್ಕೆ ಎಂಟು ಲೋಟ ನೀರು ಕುಡಿಯಬೇಕೆಂದು ಮೂರು ಸಲ ಒತ್ತಿ ಹೇಳುತ್ತಿದ್ದರು. ಹೇಳಿ ಹೇಳಿ ಗಂಟಲು ಒಣಗುತ್ತಿತ್ತು. ಆದರೂ ಒಂದು ಗುಟುಕು ಕುಡಿಯುತ್ತಿರಲಿಲ್ಲ.

ಕಾರಣ ಬಹಳ ಸರಳ. ಆ ಶಾಲೆಯಲ್ಲಿ ಟೀಚರುಗಳಿಗೆಂದು ಒಂದು ಪಾಯಖಾನೆ ಇತ್ತು. ಬಿಳಿ ಟೈಲ್ಸ್ ಹಾಕಿ ಚೆನ್ನಾಗಿಯೇ ಕಟ್ಟಿಸಿದ್ದರು. ಚೆನ್ನಾಗಿದೆ ಎಂಬ ಕಾರಣಕ್ಕೇ ಅದಕ್ಕೆ ಬೀಗ ಹಾಕಿದ್ದರು. ವರ್ಷಕ್ಕೊಮ್ಮೆ ತಪಾಸಣೆಗೆ ಬರುವ ಸಾಹೇಬರಿಗೆ ಅದನ್ನು ತೆರೆದು ತೋರಿಸಿ, ಅವರು ತಲೆಯಾಡಿಸಿದ ಮೇಲೆ ಮತ್ತೆ ಬೀಗ. ಚಾವಿ ಹೆಡ್‌ಮಾಸ್ಟರ್ ಮಾಣಿಕರಾವ್ ಅವರ ಮೇಜಿನ ಖಾನೆಯಲ್ಲಿ. ಒಬ್ಬ ಗಂಡಸಿನ ಮುಂದೆ ನಿಂತು ಆ ಚಾವಿ ಕೇಳುವುದಕ್ಕಿಂತ ಬೆಳಗಿನಿಂದ ನೀರು ಮುಟ್ಟದಿರುವುದೇ ಮರ್ಯಾದೆಯೆಂದು ಶಾಲೆಯ ಆರೂ ಜನ ಟೀಚರುಗಳು ಯಾರೂ ಹೇಳಿಕೊಡದೆ ಕಲಿತಿದ್ದರು. ಜಗದೇವಿಯವರಂತೂ ಅದರಲ್ಲಿ ಪಳಗಿ, "ನಂಗ ಬಿಲ್ಕುಲ್ ನೀರಡಿಕಿನೇ ಆಗಂಗಿಲ್ಲ" ಎಂದು ಹೆಮ್ಮೆಯಿಂದ ಹೇಳಿಕೊಳ್ಳುವ ಮಟ್ಟ ಮುಟ್ಟಿದ್ದರು.

ಮೂತ್ರಪಿಂಡಕ್ಕೆ ಈ ಹೆಮ್ಮೆ ಒಪ್ಪಿಗೆಯಾಗಿರಲಿಲ್ಲ. ಎರಡು ಸಲ ಅದರಲ್ಲಿ ಕಲ್ಲು ಬೆಳೆದಿತ್ತು. ಅವರ ಗಂಡ ಶಿವಶಂಕರಪ್ಪನವರದು ತಾಂಡೂರಿನಲ್ಲಿ ನೆಲಹಾಸು ಕಲ್ಲು ಕೊಯ್ದು ಮಾರುವ ವ್ಯಾಪಾರ. "ನಮ್ಮ ಮನ್ಯಾಗ ಇಬ್ಬರದೂ ಕಲ್ಲಿಂದೇ ಧಂದಾ ನೋಡ್ರಿ ಡಾಕ್ಟರ್," ಎಂದು ಅವರು ಆಸ್ಪತ್ರೆಯಲ್ಲಿ ನಕ್ಕಿದ್ದರು. ಡಾಕ್ಟರೂ ನಕ್ಕರು. ಹೊಟ್ಟೆ ಹಿಡಿದುಕೊಂಡು ಮಲಗಿದ್ದವರು ಮಾತ್ರ ನಗಲಿಲ್ಲ.

ಈ ಏಪ್ರಿಲ್‌ನಲ್ಲಿ, ಒಪ್ಪತ್ತಿನ ಶಾಲೆ ನಡೆದಿದ್ದ ದಿನಗಳಲ್ಲಿ, ಓಣಿಯ ಸಮಾಜದವರು ಹೈದರಾಬಾದಿನ ಹೊರಗಿನ ಒಂದು ದೊಡ್ಡ ಪಾರ್ಕಿಗೆ ಭಾನುವಾರದ ಟ್ರಿಪ್ ಇಟ್ಟರು. ಜಾರುಬಂಡೆ, ಅಲೆ ಏಳುವ ಕೊಳ, ಮನುಷ್ಯರನ್ನು ತಲೆಕೆಳಗೆ ತೂಗುವ ಯಂತ್ರಗಳು, ಎಲ್ಲವೂ ಇರುವ ಪಾರ್ಕು. ಬಿಸಿಲು ನಲವತ್ತೆರಡು ಡಿಗ್ರಿ ಇರುತ್ತದೆಂದು ಟಿವಿಯವರು ಹೇಳಿದ್ದೇ ತಡ, ಪ್ರವೀಣಕುಮಾರನಿಗೆ ಜೀವನದ ಗುರಿ ಸಿಕ್ಕಿತು.

ಪ್ರವೀಣಕುಮಾರ ಶಿವಶಂಕರಪ್ಪನವರ ಅಣ್ಣನ ಮಗ. ನೀರಿನ ಕ್ಯಾನ್ ತುಂಬಿ ಮನೆಮನೆಗೆ ಹಾಕುವ ಪ್ಲಾಂಟ್ ಇಟ್ಟಿದ್ದ. ಟ್ರಿಪ್ಪಿನ 'ನೀರು ಇನ್‌ಚಾರ್ಜ್' ಎಂದು ತನ್ನನ್ನು ತಾನೇ ನೇಮಿಸಿಕೊಂಡು, ಕೊರಳಿಗೊಂದು ಸೀಟಿ ಕಟ್ಟಿಕೊಂಡು, ವಾಟ್ಸಾಪ್ ಗ್ರೂಪಿನಲ್ಲಿ ಹದಿನೈದು ದಿನ ಉಪದೇಶ ಮಾಡಿದ. ಅರ್ಧ ತಾಸಿಗೊಮ್ಮೆ ಸೀಟಿ ಊದುತ್ತೇನೆ, ಊದಿದಾಗ ಎಲ್ಲರೂ ಒಂದೊಂದು ಲೋಟ ಕುಡಿಯಬೇಕು ಎಂದ. ಕೊನೆಗೆ, ಮೈಯಲ್ಲಿ ನೀರು ಕಡಿಮೆಯಾದರೆ ಮೂತ್ರದ ಬಣ್ಣ ಹೇಗೆ ತಿರುಗುತ್ತದೆಂದು ತೋರಿಸುವ ಚಿತ್ರವೊಂದನ್ನೂ ಹಾಕಿದ. ತಿಳಿ ಹಳದಿಯಿಂದ ಕಂದುಬಣ್ಣದವರೆಗೆ ಏಳು ಪಟ್ಟಿ. ಕನ್ನಡಕ ಹಾಕಿಕೊಳ್ಳದೆ ನೋಡಿದ ಸುಗಲಾಬಾಯಿ, ಅಂದರೆ ಪ್ರವೀಣನ ಹೆತ್ತ ತಾಯಿ, "ಮೂರನೇದು ಭಾಳ ಛಂದ ಅದಾ, ಈ ಸೀರಿ ಯಾವ ಅಂಗಡ್ಯಾಗ ಸಿಗ್ತದ?" ಎಂದು ಅದೇ ಗ್ರೂಪಿನಲ್ಲಿ ಕೇಳಿದರು.

ಭಾನುವಾರ ನಸುಕಿನಲ್ಲೇ ಬಸ್ಸು ಹೊರಟಿತು. ಹೊಟ್ಟೆಯಡಿಯ ಡಿಕ್ಕಿಯಲ್ಲಿ ಪ್ರವೀಣನ ಕ್ಯಾನುಗಳು. ಜಗದೇವಿ ಹಿಂದಿನ ಸಂಜೆ ಏಳಕ್ಕೇ ನೀರು ನಿಲ್ಲಿಸಿದ್ದರು. ಪ್ರಯಾಣ ಅಂದರೆ ಅವರ ಲೆಕ್ಕದಲ್ಲಿ ಒಂದು ಬಗೆಯ ಉಪವಾಸ. ದಾರಿಯಲ್ಲಿ ಬಸ್ಸು ನಾಲ್ಕು ಸಲ ನಿಂತಿತು, ನಾಲ್ಕೂ ಸಲ ಗಂಡಸರಿಗಾಗಿ. ಇಳಿದರು, ಒಂದೊಂದು ಬೇವಿನ ಮರ ಹಿಡಿದು ನಿಂತರು, ಬಂದು ಕೂತರು. ಹೆಂಗಸರು ಇನ್ನೊಂದು ಬದಿಯ ಕಿಟಕಿಗೆ ಮುಖ ತಿರುಗಿಸಿ ಹೊಲಗಳನ್ನು ನೋಡಿದರು. ಹೊಲದಲ್ಲಿ ನೋಡುವಂಥದ್ದೇನೂ ಇರಲಿಲ್ಲ.

ಪಾರ್ಕಿನ ಗೇಟಿನಲ್ಲೇ ಪ್ರವೀಣನ ಅಧಿಕಾರಕ್ಕೆ ಮೊದಲ ಪೆಟ್ಟು ಬಿತ್ತು. ಹೊರಗಿನ ನೀರು ಒಳಗೆ ತರುವಂತಿಲ್ಲ ಎಂದು ಕಾವಲಿನವನು ಕ್ಯಾನುಗಳನ್ನು ಗೋಡೆ ಬದಿಗೆ ಇಡಿಸಿದ.

"ಅಣ್ಣಾ, ಇದು ಸೇಫ್ಟಿ ಮಾಮ್ಲಾ ಅದಾ," ಎಂದು ಪ್ರವೀಣ ಕನ್ನಡದಲ್ಲಿ, ತೆಲುಗಿನಲ್ಲಿ, ಉರ್ದುವಿನಲ್ಲಿ ವಾದಿಸಿದ. ಕಾವಲಿನವನು ಮೂರೂ ಭಾಷೆಯಲ್ಲಿ ಇಲ್ಲ ಎಂದ. ಒಳಗೆ ಪುಕ್ಕಟೆ ನೀರೂ ಇತ್ತು, ಪ್ಲಾಸ್ಟಿಕ್ ಆನೆಯೊಂದರ ಬೆನ್ನ ಹಿಂದೆ, ಹುಡುಕಿದವರಿಗೆ ಮಾತ್ರ ಕಾಣುವಂತೆ. ಬಾಟಲಿ ನೀರು ಮಾರುವ ಅಂಗಡಿಗಳು ಹತ್ತು ಹೆಜ್ಜೆಗೊಂದರಂತೆ ಹುಡುಕದವರಿಗೂ ಕಾಣುತ್ತಿದ್ದವು. ಪ್ರವೀಣ ಬೇರೆ ಕಂಪನಿಯ ಬಾಟಲಿಗಳನ್ನು ಕೊಂಡು, ಹಲ್ಲು ಕಚ್ಚಿಕೊಂಡು ಹಂಚಿ, ಸೀಟಿ ಊದಿದ.

"ಕಾಕಿ, ಕುಡದ್ರಿ ಏನು?"

"ಕುಡದೀನಪಾ."

ಕುಡಿದಿರಲಿಲ್ಲ. ಮೊದಲ ಸೀಟಿಗೆ ತುಟಿಗೆ ಬಾಟಲಿ ಹಚ್ಚಿ ಗಂಟಲು ಅಲುಗಿಸಿ ತೋರಿಸಿದರು. ಎರಡನೆಯದಕ್ಕೆ ಬಾಟಲಿಯನ್ನು ಪಕ್ಕದ ಹೂಕುಂಡದಲ್ಲಿ ಮೆಲ್ಲಗೆ ಬಗ್ಗಿಸಿದರು. ಗಿಡಕ್ಕಾದರೂ ಪುಣ್ಯ ಸಿಗಲಿ ಎಂಬ ಯೋಚನೆ. ಆದರೆ ಆ ಪಾರ್ಕಿನಲ್ಲಿ ಗಿಡವೂ ಪ್ಲಾಸ್ಟಿಕ್ಕಿನದು. ಕುಂಡದ ತಳದಿಂದ ನೀರು ಹಾಗೇ ಹೊರಬಂದು, ಇಳಿಜಾರು ಹಿಡಿದು ಹರಿದು, ಪ್ರವೀಣನ ಚಪ್ಪಲಿಯ ಹತ್ತಿರ ಹೋಗಿ ನಿಂತಿತು.

"ಕಾಕಿ! ನೀವು ಟೀಚರ್ ಇದ್ದೀರಿ! ನೀವೇ ಹಿಂಗ ಮಾಡಿದ್ರ?"

ಇಪ್ಪತ್ತಾರು ವರ್ಷದಲ್ಲಿ ಮೊದಲ ಸಲ ಕಾಪಿ ಹೊಡೆದು ಸಿಕ್ಕಿಬಿದ್ದವರಂತೆ ಜಗದೇವಿ ತಲೆ ತಗ್ಗಿಸಿದರು. ಆಗಲೂ ಪ್ರವೀಣ ಯಾಕೆಂದು ಕೇಳಲಿಲ್ಲ. ನೀರು ಕುಡಿದವರು ಮುಂದೆ ಎಲ್ಲಿಗೆ ಹೋಗಬೇಕೆಂಬುದು ಅವನ ಹದಿನೈದು ದಿನದ ಉಪದೇಶದಲ್ಲಿ ಎಲ್ಲೂ ಬಂದಿರಲಿಲ್ಲ.

ಮಧ್ಯಾಹ್ನವಾಯಿತು. ಅಲೆಯ ಕೊಳದ ದಡದಲ್ಲಿ ಕೂತ ಜಗದೇವಿಯವರ ಮುಂದೆ ಕೆರೆಯಷ್ಟು ನೀರು ಎದ್ದು ಬಿದ್ದು ಕುಣಿಯುತ್ತಿತ್ತು. ಪಕ್ಕದಲ್ಲಿ ಕೃತಕ ಮಳೆ, ಸಿನಿಮಾ ಹಾಡಿಗೆ ಸರಿಯಾಗಿ ಸುರಿಯುತ್ತಿತ್ತು. ಅವರ ನಾಲಿಗೆ ಅಂಗುಳಕ್ಕೆ ಅಂಟಿತ್ತು. ಗಂಡನಿಗಾಗಿ ಕಣ್ಣಾಡಿಸಿದರು. ಶಿವಶಂಕರಪ್ಪನವರು ಆ ಹೊತ್ತಿಗೆ ಆಕಾಶದಲ್ಲಿ ತಲೆಕೆಳಗಾಗಿ ತೂಗುತ್ತ, ಕಿಸೆಯ ಬಾಚಣಿಕೆ ಬೀಳದಂತೆ ಎದೆ ಹಿಡಿದುಕೊಂಡು ಕಿರುಚುತ್ತಿದ್ದರು. ಜಗದೇವಿ ನೆರಳಿಗೆ ಹೋಗೋಣವೆಂದು ಎದ್ದರು. ಕೊಳ, ಮಳೆ, ಗಂಡ, ಎಲ್ಲವೂ ಒಂದೇ ಸಮನೆ ತಿರುಗಿದವು.

ನೆಲಕ್ಕೆ ಬೀಳುವ ಮುನ್ನ ಒಬ್ಬ ಹೆಂಗಸು ನೆಲ ಒರೆಸುವ ಕೋಲನ್ನು ಬಿಸಾಡಿ ಅವರನ್ನು ತೋಳಿಗೆ ಹಾಕಿಕೊಂಡಳು. ದೂರದಿಂದ ನೋಡಿದ ಪ್ರವೀಣ ಏನು ಮಾಡಬೇಕೆಂದು ತೋಚದೆ ಸೀಟಿ ಊದಿದ. ಓಣಿಯ ಮಂದಿಯೆಲ್ಲ ನೀರು ಕುಡಿದರು.

ಕಣ್ಣು ಬಿಟ್ಟಾಗ ಜಗದೇವಿ ತಣ್ಣನೆಯ ಕೋಣೆಯೊಂದರಲ್ಲಿ, ಮೆತ್ತನೆಯ ಬೆಂಚಿನ ಮೇಲಿದ್ದರು. ಎದುರಿಗೆ ಆಳೆತ್ತರದ ಕನ್ನಡಿ. ಮಲ್ಲಿಗೆಯಂಥ ಪರಿಮಳ. ನೀಲಿ ಸಮವಸ್ತ್ರದ ಆ ಹೆಂಗಸು ಉಪ್ಪು ಸಕ್ಕರೆಯ ಪುಡಿ ಕದಡಿದ ನೀರಿನ ಲೋಟ ಹಿಡಿದು ಕೂತಿದ್ದಳು. ಎದೆಯ ಮೇಲಿನ ಬಿಲ್ಲೆಯಲ್ಲಿ ಬಾಲಮಣಿ ಎಂದಿತ್ತು.

"ಜರಾ ಜರಾ ಕುಡೀರಿ ಅಮ್ಮಾ."

ಜಗದೇವಿ ತಲೆಯಲ್ಲಾಡಿಸಿದರು. "ಬ್ಯಾಡವ್ವ. ಕುಡದ್ರ ಆಮ್ಯಾಲ ಎಲ್ಲಿ ಹೋಗ್ಲಿ?"

ಬಾಲಮಣಿ ಲೋಟ ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ ಅವರ ಮುಖ ನೋಡಿದಳು. ಆಮೇಲೆ ನಗು ತಡೆಯಲಾಗಲಿಲ್ಲ. "ಎಲ್ಲಿ ಹೋಗ್ತೀರಿ? ತಲಿ ಎತ್ತಿ ನೋಡ್ರಿ ಅಮ್ಮಾ, ಎಲ್ಲಿ ಕುಂತೀರಿ ಅಂತ. ಹನ್ನೆರಡು ಅವ!"

ಜಗದೇವಿ ತಲೆ ಎತ್ತಿದರು. ಸಾಲಾಗಿ ಹನ್ನೆರಡು ಬಾಗಿಲು. ಪ್ರತಿ ಬಾಗಿಲಿಗೂ ಚಿಲಕ. ಚಿಲಕದ ಮೇಲೆ ಹಸಿರು ಗುರುತು. ಯಾವುದಕ್ಕೂ ಬೀಗವಿಲ್ಲ, ಯಾರ ಖಾನೆಯಲ್ಲೂ ಚಾವಿಯಿಲ್ಲ. ಸಿರಿವಂತರ ಮದುವೆಮನೆಗೆ ಬಂದವರಂತೆ ಅವರು ಕೂತಲ್ಲೇ ಸೆರಗು ಸರಿಮಾಡಿಕೊಂಡರು. ಲೋಟ ಇಸಿದುಕೊಂಡು ಕುಡಿದರು. ಇನ್ನೊಂದು ಕೇಳಿದರು. ಮೂರನೆಯದನ್ನು ಕಣ್ಣು ಮುಚ್ಚಿ, ಸದ್ದು ಮಾಡುತ್ತ, ಮಕ್ಕಳು ಕುಡಿದರೆ ತಾವೇ ಗದರುವಂಥ ರೀತಿಯಲ್ಲಿ ಕುಡಿದರು. ಅರ್ಧ ತಾಸಿನ ಮೇಲೆ ಎದ್ದು ಐದನೇ ಬಾಗಿಲೊಳಗೆ ಹೋಗಿ, ಚಿಲಕ ಹಾಕಿ, ಬಹಳ ಹೊತ್ತು ಬರಲಿಲ್ಲ.

ಆಚೆ ಕಡೆ ಶಿವಶಂಕರಪ್ಪ ಇಳಿದುಬಂದು ಬಾಗಿಲ ಹೊರಗೆ ನಿಂತು ಕೂಗಿದರು. "ಹೆಂಗದಾ ಈಗ? ಬರ್ತೀ ಏನು? ಟ್ರೈನಿನ್ಯಾಗ ಕುಂದ್ರೋಣಂತ!"

"ನೀವು ಹೋಗ್ರಿ. ನಂಗ ಇಲ್ಲೇ ಭೇಷ್ ಅದಾ," ಎಂದು ಒಳಗಿನಿಂದ ಉತ್ತರ ಬಂತು. ಟಿಕೆಟ್ಟಿನಲ್ಲಿ ಸೇರಿದ್ದ ಇಪ್ಪತ್ತೆಂಟು ಆಟಗಳಲ್ಲಿ ಜಗದೇವಿಯವರಿಗೆ ರುಚಿಸಿದ್ದು ಪಟ್ಟಿಯಲ್ಲಿ ಇಲ್ಲದ ಇದೊಂದೇ. ಸಂಜೆಯವರೆಗೆ ಆ ಕೋಣೆ ಬಿಡಲಿಲ್ಲ.

ಮಾತಿಗೆ ಮಾತು ಬಂತು. ಬಾಲಮಣಿ ಬೊಮ್ರಾಸಪೇಟ್ ಹತ್ತಿರದ ಹಳ್ಳಿಯವಳು. ಎರಡು ವರ್ಷದಿಂದ ಇಲ್ಲಿ ಕೆಲಸ. ಮಾತಾಡುವಾಗ ಅವಳ ತುಟಿ ಒಡೆದು ರಕ್ತ ಜಿನುಗಿದ್ದು ಟೀಚರ ಕಣ್ಣಿಗೆ ಬಿತ್ತು.

"ನೀ ಕುಡಿ ಒಂದೀಟು. ಊರ ಮಂದಿಗೆಲ್ಲ ಕುಡಸ್ತೀ."

"ನಮಗ ಇಲ್ಲಿ ಹೋಗಾಕ ಪರ್ಮಿಶನ್ ಇಲ್ರಿ ಅಮ್ಮಾ. ಇವು ಟಿಕೆಟ್ ತಗೊಂಡವರಿಗಿ. ನಮ್ದು ಹಿಂದಕ್ಕದ, ಜನರೇಟರ್ ಬಾಜೂಕ. ಹೋಗಿ ಬರಾಕ ಇಪ್ಪತ್ತು ನಿಮಿಷ. ಅಷ್ಟ್ರಾಗ ಸೂಪರ್‌ವೈಸರ್ ಬಂದ್ರ ಅರ್ಧ ದಿನ ಹಾಜರಿ ಕಡೀತಾನ. ಅದಕ್ಕ ನಾ ಮುಂಜಾನಿಂದ ನೀರೇ ಮುಟ್ಟಂಗಿಲ್ಲ." ಇಷ್ಟು ಹೇಳಿ ನಕ್ಕಳು. "ರೂಢಿ ಆಗ್ಯಾದ. ನೀರಡಿಕಿನೇ ಆಗಂಗಿಲ್ಲ ಈಗ."

ಜಗದೇವಿಯವರಿಗೆ ಕೆನ್ನೆಗೆ ಬಾರಿಸಿದಂತಾಯಿತು. ಇದೇ ಮಾತನ್ನು ತಾವು ಎಷ್ಟು ಮದುವೆಗಳಲ್ಲಿ, ಎಷ್ಟು ಸ್ಟಾಫ್‌ರೂಮಿನ ಹರಟೆಯಲ್ಲಿ, ಪದಕ ತೋರಿಸಿದಂತೆ ತೋರಿಸಿಕೊಂಡಿದ್ದರು! ಇನ್ನೊಬ್ಬರ ಒಡೆದ ತುಟಿಯಿಂದ ಬಂದಾಗ ಅದು ಎಂಥ ಮೂರ್ಖ ಮಾತೆಂದು ಕೇಳಿಸಿತು. ಅವರು ಎದ್ದರು. ಮೂಲೆಯಲ್ಲಿದ್ದ ಹಳದಿ ಹಲಗೆಯನ್ನು, ನೆಲ ಒದ್ದೆಯಿದೆ ಎಚ್ಚರಿಕೆ ಎಂದು ಬರೆದದ್ದನ್ನು, ಎಳೆದು ತಂದು ಬಾಗಿಲಿಗೆ ಅಡ್ಡ ಇಟ್ಟರು. ಅದರ ಹಿಂದೆ ಕೈಕಟ್ಟಿ ನಿಂತರು.

"ಮೊದಲ ಎರಡು ಲೋಟ ಕುಡಿ. ಆಮ್ಯಾಲ ಒಳಗ ಹೋಗು. ನಾ ಇಲ್ಲಿ ನಿಂತೀನಿ."

"ಬ್ಯಾಡ್ರಿ ಅಮ್ಮಾ, ನೋಡಿದ್ರ..."

"ಹೋಗಂದ್ರ ಹೋಗು!"

ಏಳನೇ ತರಗತಿಯ ಗಲಾಟೆ ಅಡಗಿಸುವ ದನಿ ಅದು. ಬಾಲಮಣಿ ಕುಡಿದಳು, ಹೋದಳು. ಸೂಪರ್‌ವೈಸರ್ ಕೈಯಲ್ಲಿ ವಾಕಿಟಾಕಿ ಹಿಡಿದು ಆಗಲೇ ಬರಬೇಕೇ? ಸಫಾಯಿಯವಳು ಎಲ್ಲಿ ಎಂದು ತೆಲುಗಿನಲ್ಲಿ ಕೇಳಿದ. ಜಗದೇವಿ ಕನ್ನಡಕದ ಮೇಲಿನಿಂದ ಅವನನ್ನು ನೋಡಿ, ಇದು ಹೆಂಗಸರ ಜಾಗ, ನೀನು ಯಾಕೆ ಇಣುಕುತ್ತೀ, ನಿನ್ನ ಹೆಸರೇನು, ಯಾವ ಊರು, ಯಾವ ಶಾಲೆಯಲ್ಲಿ ಓದಿದ್ದು ಎಂದು ಅಷ್ಟೇ ಚೆಂದದ ತೆಲುಗಿನಲ್ಲಿ ವಿಚಾರಿಸಿದರು. ಶಾಲೆಯ ಹೆಸರು ಹೇಳುವ ಹೊತ್ತಿಗೆ ಅವನು ವಾಕಿಟಾಕಿಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಿದ್ದ. ಸಾರಿ ಮೇಡಂ ಎಂದು ಹೋದ.

ಮರಳುವಾಗ ಸಂಜೆ ಏಳಕ್ಕೆ, ಒಂದು ಪೆಟ್ರೋಲ್ ಬಂಕಿನ ದೀಪ ಕಂಡದ್ದೇ ಜಗದೇವಿ ಸೀಟಿನಿಂದ ಎದ್ದು ನಿಂತರು. "ಡ್ರೈವರ್, ಗಾಡಿ ನಿಂದರಸ್ರಿ. ನಂಗ ಒಂದಕ್ಕ ಹೋಗಬೇಕು." ಅವರು ಇಳಿದರು. ಅವರ ಹಿಂದೆ ಸುಗಲಾಬಾಯಿ. ಅವರ ಹಿಂದೆ ಒಬ್ಬೊಬ್ಬರಾಗಿ ಹತ್ತೊಂಬತ್ತು ಹೆಂಗಸರು. ಶಿವಶಂಕರಪ್ಪನವರು ಕಿಟಕಿಯಿಂದ ಆ ಸಾಲು ನೋಡಿ, "ಅಬಾಬಾ, ಇಷ್ಟು ಮಂದಿಗಿ ಬರ್ತಿತ್ತೇನು?" ಎಂದು ನಿಜವಾಗಿಯೂ ಆಶ್ಚರ್ಯಪಟ್ಟರು.

ಸೋಮವಾರ ಜಗದೇವಿ ಎರಡು ಲೀಟರಿನ ಬಾಟಲಿ ಹಿಡಿದು ಶಾಲೆಗೆ ಹೋದರು. ಮೊದಲ ಪೀರಿಯಡ್ ಮುಗಿದಾಗ ಮಾಣಿಕರಾವ್ ಅವರ ಮೇಜಿನ ಮುಂದೆ ನಿಂತರು.

"ಸರ್, ಪಾಯಖಾನಿ ಚಾವಿ ಕೊಡ್ರಿ."

ಮಾಣಿಕರಾವ್ ಖಾನೆಯ ಕಡೆಗೂ ನೋಡಲಿಲ್ಲ, ಅವರ ಕಡೆಗೂ ನೋಡಲಿಲ್ಲ, ಗೋಡೆಯ ಮೇಲಿನ ಮಹಾತ್ಮರ ಫೋಟೋಗಳನ್ನು ನೋಡುತ್ತ ಚಾವಿ ಕೊಟ್ಟರು. ಪಾಯಖಾನೆಯ ಒಳಗೆ ಮುರಿದ ಬೆಂಚು, ಹಳೆಯ ಬ್ಯಾನರು, ಕಾಲು ಹೋದ ಒಂದು ಭೂಗೋಳ. ಅವನ್ನು ಸರಿಸಿ ಜಗದೇವಿ ಜಾಗ ಮಾಡಿಕೊಂಡರು. ಎರಡನೇ ಪೀರಿಯಡ್ ಆದ ಮೇಲೆ ಮತ್ತೆ ಬಂದರು. ಮೂರನೆಯದಾದ ಮೇಲೂ ಬಂದರು.

"ಏನಾಗ್ಯಾದ್ರಿ ಮೇಡಂ? ಶುಗರ್ ಟೆಸ್ಟ್ ಮಾಡಿಸ್ರಿ."

"ಏನೂ ಆಗಿಲ್ಲ ಸರ್. ನೀರ್ ಕುಡಿಲತ್ತೀನಿ. ಪಾಠದಾಗ ಹಂಗೇ ಅದಾ."

ಮಂಗಳವಾರ ಗಣಿತದ ಪ್ರೇಮಲಾ ಟೀಚರೂ ಬಂದರು. ಬುಧವಾರ ಆರೂ ಜನ. ಹೊಸ ಅಡ್ಮಿಶನ್ನಿಗೆ ಬಂದ ತಂದೆತಾಯಿಯರ ಮುಂದೆ ಮಾಣಿಕರಾವ್ ಶಾಲೆಯ ಶಿಸ್ತಿನ ಬಗ್ಗೆ ಹೇಳುತ್ತಿರುವಾಗಲೇ ನಾಲ್ಕು ಸಲ ಚಾವಿ ಕೇಳಿದ್ದಾಯಿತು. ಗುರುವಾರ ಬೆಳಿಗ್ಗೆ ಚಾವಿ ಸ್ಟಾಫ್‌ರೂಮಿನ ಮೊಳೆಗೆ ನೇತಾಡುತ್ತಿತ್ತು.

ಇತ್ತ ಪ್ರವೀಣಕುಮಾರ ಗ್ರೂಪಿನಲ್ಲಿ ಜಗದೇವಿಯವರ ಫೋಟೋ ಹಾಕಿ, ತನ್ನ ಸೀಟಿಯಿಂದ ಒಂದು ಜೀವ ಉಳಿಯಿತೆಂದು ಬರೆದ. ಐವತ್ತು ಜನ ಕೈಮುಗಿದರು. ಜಗದೇವಿ ಮರುದಿನ ಅವನ ಪ್ಲಾಂಟಿಗೆ ಹೋಗಿ ಒಂದೇ ಮಾತು ಕೇಳಿದರು: "ನಿನ್ನ ಪ್ಲಾಂಟಿನ್ಯಾಗ ಕ್ಯಾನ್ ತೊಳಿಯೋ ಹೆಣ್ಮಕ್ಕಳು ನಾಕ ಮಂದಿ ಅದಾರಲ್ಲ, ಅವರು ಎಲ್ಲಿ ಹೋಗ್ತಾರಪಾ?"

ಪ್ರವೀಣನಿಗೆ ಆಗಲೇ ಒಂದು ಅರ್ಜೆಂಟ್ ಫೋನ್ ಬಂತು. ಮಾತಾಡುತ್ತ ಹೊರಗೆ ಹೋದ. ಜಗದೇವಿ ಅಲ್ಲೇ ಸ್ಟೂಲಿನ ಮೇಲೆ ಕೂತು, ಕ್ಯಾನ್ ತೊಳೆಯುತ್ತಿದ್ದವರ ಹೆಸರು, ಊರು ವಿಚಾರಿಸುತ್ತ ಅವನು ಬರುವುದನ್ನೇ ಕಾದರು.