ನೀರಿನ ಕಡ್ಡಿಗೆ ಹೆಸರು ಅಂಟಿಸುವ ಗೌರಕ್ಕ

ಸೂರ್ಯ ಇನ್ನೂ ಸರಿಯಾಗಿ ಮೂಡಿಲ್ಲ. ಮಧುಗಿರಿಯ ಅಂತರ್ಜಲ ಅಳತೆ ಕಚೇರಿಯ ಒಳಕೋಣೆಯಲ್ಲಿ ಗೌರಕ್ಕ ಆಗಲೇ ಸೆರಗು ಬಿಗಿದು ಹಲಗೆಯ ಮುಂದೆ ನಿಂತಿದ್ದಾರೆ. ಪಕ್ಕದಲ್ಲಿ ಮೈದಾ ಅಂಟಿನ ಬಟ್ಟಲು, ಬೆರಳ ತುದಿಯಲ್ಲಿ ಪುಟ್ಟ ಚೀಟಿ, ಚೀಟಿಯ ಮೇಲೆ ಒಂದು ಊರಿನ ಹೆಸರು. ಅವರ ಬಗ್ಗೆ ಬರೆಯಲೆಂದು ಬಂದ ನಾನು ಗೋಡೆಯ ಸ್ವಿಚ್ಚಿಗೆ ಕೈ ಹಾಕಿದ್ದೇ ತಡ, ಗದರಿಕೆ ಬೀಳುತ್ತದೆ. "ಫ್ಯಾನ್ ಹಾಕ್‌ಬ್ಯಾಡಿ ಸಾ, ಊರೆಲ್ಲ ಹಾರೋಯ್ತವೆ!"

ನಕಾಶೆ ಎಂದರೆ ಗೋಡೆಗೆ ನೇತುಹಾಕುವುದು ಎಂದುಕೊಂಡಿದ್ದ ನನಗೆ ಎದ್ದು ನಿಂತ ನಕಾಶೆ ಕಂಡದ್ದು ಇದೇ ಮೊದಲು. ಎರಡು ಬಾಗಿಲು ಜೋಡಿಸಿದಷ್ಟು ಅಗಲದ, ಮೇಜಿನಂತೆ ಮಟ್ಟಸವಾಗಿ ಹಾಸಿದ ಹಲಗೆ. ಅದರ ಮೇಲೆ ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳು. ಊರಿಗೊಂದು ನೆಟ್ಟಗೆ ನಿಂತ ಬಿದಿರುಕಡ್ಡಿ. ಊರ ಬಾವಿಯಲ್ಲಿ ನೀರು ಕೆಳಕ್ಕೆ ಇಳಿದಷ್ಟೂ ಕಡ್ಡಿ ಉದ್ದ. ಅಳೆದು ಕಡ್ಡಿ ನೆಡುವವರು ಎಂಜಿನಿಯರ್ ನಾಗಲಿಂಗಯ್ಯ. ಯಾವ ಕಡ್ಡಿ ಯಾವ ಊರಿನದು ಎಂದು ಬರೆದು ಅಂಟಿಸುವವರು ಗೌರಕ್ಕ. ಕೊಳವೆಬಾವಿ ಕೊರೆಯುವ ಲಾರಿ ಇರುವುದು ಒಂದೇ. ಅದು ಮೊದಲು ಎಲ್ಲಿಗೆ ಹೋಗಬೇಕೆಂದು ಇವತ್ತು ಹನ್ನೊಂದಕ್ಕೆ ಸೇರುವ ಸಮಿತಿ ಈ ಹಲಗೆ ನೋಡಿಯೇ ತೀರ್ಮಾನಿಸುತ್ತದೆ.

ಗೌರಕ್ಕ ಹುಟ್ಟಿದ್ದು ಪಾವಗಡ ತಾಲ್ಲೂಕಿನಲ್ಲಿ, ಆಂಧ್ರದ ಗಡಿಗೆ ಒತ್ತಿಕೊಂಡ ಕಾರೇಮರದಹಟ್ಟಿಯ ಕುರಿಗಾರರ ಮನೆಯಲ್ಲಿ. ಬರಗೂರಿನ ಸೋದರತ್ತೆಯ ಮನೆಯಲ್ಲಿದ್ದು ಏಳನೇ ಕ್ಲಾಸಿನವರೆಗೆ ಓದಿದರು. ಮಧುಗಿರಿಗೆ ಸೊಸೆಯಾಗಿ ಬಂದು, ಎಪ್ಪತ್ತೆಂಟನೇ ಇಸವಿಯಲ್ಲಿ ಈ ಕಚೇರಿಗೆ ಕಸ ಗುಡಿಸಲು ಸೇರಿದರು. ಒಂದು ದಿನ ಒರೆಸಿದ ನೆಲ ಕೊಳೆಯಾಯಿತೆಂದು ಸಿಟ್ಟಿಗೆ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ 'ಚಪ್ಪಲಿ ಹೊರಗೆ ಬಿಡಿ' ಎಂದು ಬರೆದರು. ಆ ದುಂಡನೆಯ ಅಕ್ಷರ ನಾಗಲಿಂಗಯ್ಯನವರ ಕಣ್ಣಿಗೆ ಬಿತ್ತು. ಅಂದಿನಿಂದ ಪೊರಕೆಯ ಜೊತೆಗೆ ಲೇಖನಿಯೂ ಬಂತು. ಎರಡು ಕೆಲಸ, ಕೂಲಿ ಮಾತ್ರ ಒಂದೇ. ಇದನ್ನು ಕೇಳಿ ನನಗೆ ಮೈ ಉರಿಯುತ್ತದೆ. ಅವರು ನಗುತ್ತಾರೆ. "ಗುಡ್ಸೋವಾಗ ನನ್ ಹೆಸ್ರು ಯಾರ್ಗೂ ಗೊತ್ತಿರ್ಲಿಲ್ಲ ಸಾ. ಈಗ ಬಂದೋರೆಲ್ಲ ಗೌರಕ್ಕ ಎಲ್ಲಿ ಅಂತಾರೆ."

ಹೋದ ವರ್ಷದ ಸಭೆಯ ಮಾತೆತ್ತಿದರೆ ಮಾತ್ರ ಆ ನಗು ಇಂಗುತ್ತದೆ. ಹಟ್ಟಿಯಲ್ಲಿ ಕುರಿಗೆ ಕೆಮ್ಮಣ್ಣಿನ ಗುರುತು ಹಾಕುವುದು ಹಿಂಭಾಗಕ್ಕೆ. ಕಾಯುವವರು ಮಂದೆಯ ಹಿಂದೆ ನಡೆಯುತ್ತಾರೆ, ಯಾರ ಕುರಿ ಎಂಬುದು ಅವರಿಗೆ ತಿಳಿದರೆ ಸಾಕು. ಆ ರೂಢಿಯಲ್ಲೇ ಗೌರಕ್ಕ ಚೀಟಿಗಳಿಗೆ ದಾರ ಕಟ್ಟಿ, ತಾವು ನಿಲ್ಲುವ ಕಡೆಗೆ ಅಕ್ಷರ ಕಾಣುವಂತೆ ತೂಗುಬಿಟ್ಟಿದ್ದರು. ಸದಸ್ಯರು ಕೂತದ್ದು ಎದುರು ಬದಿಗೆ. ಅವರಿಗೆ ಕಂಡದ್ದು ಬರೀ ಬಿಳಿ ಕಾಗದ! ನಾಗಲಿಂಗಯ್ಯ ಗಡಿಬಿಡಿಯಲ್ಲಿ ಚೀಟಿಗಳನ್ನು ತಿರುಗಿಸಲು ಹೋದರು. ಕಾರೇಮರದಹಟ್ಟಿಯ ಚೀಟಿ ತನ್ನ ಉದ್ದನೆಯ ಕಡ್ಡಿಯಿಂದ ಜಾರಿ ಪಕ್ಕದ ಗಿಡ್ಡ ಕಡ್ಡಿಗೆ ತಗಲಿಕೊಂಡಿತು. ಅಲ್ಲಿ ನೀರು ಮೇಲೇ ಇದೆಯೆಂದುಕೊಂಡು ಸಮಿತಿ ಹಟ್ಟಿಯನ್ನು ಕೈಬಿಟ್ಟಿತು. ಗೌರಕ್ಕ ಇದನ್ನು ಕಂಡದ್ದು ಸಭೆ ಮುಗಿದು ಹಲಗೆ ಒರೆಸುವಾಗ. ಅಷ್ಟರಲ್ಲಿ ಲಾರಿ ಬೇರೆ ದಾರಿ ಹಿಡಿದಿತ್ತು.

"ಕುರಿ ಮುಂದ್ಗಡೆ ಯಾರ್ ಸಾ ಕುರ್ಚಿ ಹಾಕ್ಕಂಡ್ ಕೂತ್ಕತಾರೆ? ನಂಗೆ ಅದು ಹೊಳೀಲೇ ಇಲ್ಲ. ನಮ್ಮವ್ವ ಈಗ್ಲೂ ಪಕ್ಕದೂರ ಬಾವಿಗೆ ಹೋಯ್ತಾಳೆ. ಅವ್ಳು ಏನೂ ಅನ್ನಾಕಿಲ್ಲ. ಅಂದಿದ್ರೇ ವಾಸಿಯಾಗಿತ್ತು." ಹೇಳುತ್ತಾ ಅವರು ಕಣ್ಣು ಒರೆಸಿಕೊಳ್ಳುತ್ತಾರೆ.

ಈ ಸಲ ದಾರವಿಲ್ಲ. ಚೀಟಿಯನ್ನು ಕಡ್ಡಿಯ ತುದಿಗೆ ಸುತ್ತಿ ಬಾವುಟದಂತೆ ಅಂಟಿಸಿದ್ದಾರೆ, ಹೆಸರು ಎರಡೂ ಮಗ್ಗುಲಿಗೆ ಇದೆ. ಅಕ್ಕಪಕ್ಕದ ಕಡ್ಡಿಗಳು ಒಂದೇ ಎತ್ತರವಿದ್ದರೆ ಒಂದರ ಬಾವುಟ ಎಡಕ್ಕೆ, ಇನ್ನೊಂದರದು ಬಲಕ್ಕೆ. ನಾಗಲಿಂಗಯ್ಯ ಎಲ್ಲಿಂದಲೋ ಒಂದು ಹಳೇ ಗಾಡಿಚಕ್ರ ತಂದು ಹಲಗೆಯನ್ನು ಅದರ ಮೇಲೆ ಕೂರಿಸಿದ್ದಾರೆ. ತಳ್ಳಿದರೆ ನಾಲ್ಕು ತಾಲ್ಲೂಕೂ ಗಿರ್ರೆಂದು ತಿರುಗುತ್ತವೆ.

ಅಷ್ಟರಲ್ಲಿ ಮೊದಲ ಬಸ್ಸಿಗೆ ಹಟ್ಟಿಯಿಂದ ಗೌರಕ್ಕನ ತಮ್ಮ ಓಬಳಪ್ಪ ಬಂದಿಳಿಯುತ್ತಾನೆ. ನೀರು ಕೂಡ ಕುಡಿಯದೆ ಶುರು ಮಾಡುತ್ತಾನೆ. "ಅಕ್ಕಾ, ನಮ್ಮೂರ ಹೆಸ್ರ ವಸಿ ದಪ್ಪುಕೆ ಬರ್ದ್ಬುಡು. ಕೆಂಪು ಇಂಕ್ನಾಗೆ ಬರಿ. ಯಾರ್ ಕೇಳ್ತಾರೆ?"

"ಲೇ, ಎಲ್ಲಾ ಊರ್ನಾಗೂ ಅವ್ವದೀರು ಕೊಡ ಹೊರ್ತಾರೆ ಕಣ್ಲಾ. ಎಲ್ಲಾರ್ಗೂ ಒಂದೇ ಅಕ್ಸರ."

"ಹೋದ್ ವರ್ಸ ನಿನ್ ಕೈಯಾಗೇ ಹೋಗಿದ್ದಲ್ವಾ?"

ಗೌರಕ್ಕ ಮುಂದಿನ ಚೀಟಿಗೆ ಅಂಟು ಸವರುತ್ತಾರೆ. ಅವನು ಮುಖ ಊದಿಸಿಕೊಂಡು ಹೊರಗೆ ಮೆಟ್ಟಿಲ ಮೇಲೆ ಕೂರುತ್ತಾನೆ. ನಿಜ ಹೇಳಬೇಕೆಂದರೆ ನನ್ನ ಮನಸ್ಸು ಆ ಹೊತ್ತಿನಲ್ಲಿ ಓಬಳಪ್ಪನ ಕಡೆಗೇ ಇದೆ. ಒಂದು ಗೆರೆ ದಪ್ಪ ಬರೆದರೆ ಯಾರ ಗಂಟು ಹೋಗುತ್ತಿತ್ತು?

ಸಭೆ ಸೇರುತ್ತದೆ. ಗೌರಕ್ಕ ಹಿಂದೆ ನಿಂತು ಹಲಗೆಯನ್ನು ನಿಧಾನವಾಗಿ ತಿರುಗಿಸುತ್ತಾರೆ. ಕೊರಟಗೆರೆ ಸರಿಯುತ್ತದೆ, ಸಿರಾ ಬರುತ್ತದೆ, ಪಾವಗಡ ಬರುತ್ತದೆ. ದಪ್ಪ ಕನ್ನಡಕದ ಸದಸ್ಯರೊಬ್ಬರು ಕೈ ಎತ್ತುತ್ತಾರೆ. "ನಿಲ್ಸಮ್ಮಾ. ಕಾರೇಮರದಹಟ್ಟಿ. ಇಷ್ಟುದ್ದ ಇದ್ಯಲ್ಲ, ಇದು ಹೋದ ವರ್ಷ ಎಲ್ಲಿತ್ತು?"

ನಾಗಲಿಂಗಯ್ಯ ಎದ್ದು ನಿಲ್ಲುತ್ತಾರೆ. ಅವರಿಗಿಂತ ಮೊದಲೇ ಗೌರಕ್ಕನ ಬಾಯಿಂದ ಮಾತು ಹೊರಬೀಳುತ್ತದೆ. "ಅಲ್ಲೇ ಇತ್ತು ಸಾ. ಹೆಸ್ರು ಜಾರ್ಬುಟ್ಟಿತ್ತು."

ಲಾರಿ ಮೊದಲು ಸಿರಾ ಕಡೆಯ ಒಂದು ಊರಿಗೆ ಹೋಗಬೇಕು, ಅಲ್ಲಿಂದ ನೇರ ಕಾರೇಮರದಹಟ್ಟಿಗೆ ಎಂದು ತೀರ್ಮಾನವಾಗುತ್ತದೆ. ಸುದ್ದಿ ಕೇಳಿ ಮೆಟ್ಟಿಲ ಮೇಲಿನ ಓಬಳಪ್ಪ, "ಎರಡ್ನೇದಾ?" ಎಂದು ಗೊಣಗುತ್ತಾನೆ. "ಅವ್ರ ಕಡ್ಡಿ ನಮ್ದುಕ್ಕಿಂತ ಉದ್ದ ಐತೆ ಕಣ್ಲಾ, ನಾನೇ ಹೆಸ್ರು ಅಂಟ್ಸಿವ್ನಿ, ನಂಗೊತ್ತಿಲ್ವಾ?" ಎನ್ನುತ್ತಾರೆ ಅಕ್ಕ. ಅವರ ದನಿಯಲ್ಲಿ ವರ್ಷದಿಂದ ಇಲ್ಲದ ಹಗುರ ಇದೆ ಎಂದು ನಾಗಲಿಂಗಯ್ಯ ನನ್ನ ಕಿವಿಯಲ್ಲಿ ಹೇಳುತ್ತಾರೆ.

ನೀರು ಸಿಕ್ಕ ಊರಿನ ಚೀಟಿ ಕಿತ್ತು, ಕಡ್ಡಿಯನ್ನು ಹಲಗೆಯಿಂದ ತೆಗೆಯುವುದು ಇಲ್ಲಿಯ ಪದ್ಧತಿ. ನಿಮಗೇನು ಆಸೆ ಎಂದು ಗೌರಕ್ಕನನ್ನು ಕೇಳುತ್ತೇನೆ. ಅವರು ಬೆರಳಿಗೆ ಒಣಗಿದ ಅಂಟನ್ನು ಉಜ್ಜಿ ತೆಗೆಯುತ್ತಾ ಹಲಗೆಯ ಕಡೆ ನೋಡುತ್ತಾರೆ.

"ನಮ್ಮೂರ ಚೀಟಿ ನಾನೇ ಕೀಳ್ಬೇಕು ಸಾ. ಈ ಸಲ ಅಂಟು ಜೋರಾಗ್ ಮೆತ್ತಿವ್ನಿ, ಸುಲ್ಬುಕೆ ಕಿತ್ಬರಾಕಿಲ್ಲ. ಉಗುರು ಮುರುದ್ರೂ ಸರಿ, ಕೀಳ್ತೀನಿ."