ಕೆಟ್ರೆ ಯಾರ್ ಬತ್ತಾರೆ?

ನನ್ನ ಅಂಗಡಿಯ ಪಕ್ಕದ ಫೋಟೋ ಸ್ಟುಡಿಯೋದವನು ಕೂತಲ್ಲಿ ಕೂರುತ್ತಿರಲಿಲ್ಲ. ಚನ್ನಪಟ್ಟಣದ ಸುತ್ತಮುತ್ತಲಿನ ಮದುವೆಗಳಿಗೆಲ್ಲ ಆಲ್ಬಂ ಮಾಡಿಕೊಡುತ್ತಿದ್ದ. ಹಳೇ ಕಂಪ್ಯೂಟರಿನಲ್ಲಿ ಕಂಡ ಬಣ್ಣವನ್ನು ನಂಬಿದ್ದಕ್ಕೆ ಒಬ್ಬ ಮದುಮಗಳ ಅರಿಶಿನ ಬಣ್ಣದ ಸೀರೆ ಪ್ರಿಂಟಿನಲ್ಲಿ ಹಸಿರಾದ ಮೇಲೆ, ಅವನಿಗೆ ಒಳ್ಳೆಯ ಪರದೆಯ ದುಬಾರಿ ಲ್ಯಾಪ್‌ಟಾಪಿನ ಹುಚ್ಚು ಹಿಡಿಯಿತು. ದಿನಾ ಬಂದು, ಸ್ಕೂಟರ್ ಕೀ ತಿರುಗಿಸುತ್ತಾ ನಿಂತೇ ಟೀ ಕುಡಿದು ಹೇಳುವನು: "ತಗೋಬೋದು ಕಣ್ಲಾ. ಕೆಟ್ರೆ ಯಾರ್ ಬತ್ತಾರೆ?"

ಕೊನೆಗೊಂದು ದಿನ ನನ್ನನ್ನೂ ಹತ್ತಿಸಿಕೊಂಡು ರಾಮನಗರದ ಕಂಪ್ಯೂಟರ್ ಅಂಗಡಿಗೆ ಹೋದ. ಪರದೆಯ ಮೇಲೆ ತಾನೇ ತೆಗೆದ ಫೋಟೋ ಹಾಕಿಸಿದ. ಸೀರೆಯ ಜರಿ ಎಳೆ ಎಳೆಯಾಗಿ ಕಂಡಿತು. ಅವನ ಕಾಲು ಕುಣಿಯುವುದು ನಿಂತಿತು. ಆಮೇಲೆ, ರೇಷ್ಮೆಗೂಡು ಕೊಳ್ಳುವವರು ಅದನ್ನು ಕಿವಿಯ ಹತ್ತಿರ ಅಲ್ಲಾಡಿಸಿ ಒಳಗಿನ ಸದ್ದು ಕೇಳುವ ಹಾಗೆ, ಲ್ಯಾಪ್‌ಟಾಪನ್ನೇ ಎತ್ತಿ ಅಲ್ಲಾಡಿಸಿದ. ಅಂಗಡಿಯಾಕೆ ಎರಡೂ ಕೈ ಚಾಚಿ ನಿಂತುಬಿಟ್ಟಳು. ಅಷ್ಟಕ್ಕೇ ಬಿಡದೆ, ಡಬ್ಬದ ಮೇಲಿದ್ದ ಸರ್ವಿಸ್ ನಂಬರಿಗೆ ಅಲ್ಲಿಂದಲೇ ಫೋನ್ ಮಾಡಿದ.

"ಏನು ತೊಂದರೆ ಸರ್?"

"ಇನ್ನೂ ತಗೊಂಡಿಲ್ಲ. ಕೆಟ್ರೆ ಚನ್ನಪಟ್ಟಣಕ್ಕೆ ಬತ್ತೀರಾ?"

ಬರುವುದಿಲ್ಲ, ಬೆಂಗಳೂರಿಗೆ ನೀವೇ ತರಬೇಕು ಎಂದರು.

"ಮದ್ವೆ ಸೀಜನ್‌ನಾಗೆ ಅದನ್ನ ಹೊತ್ಕೊಂಡು ತಿರುಗ್ಲಾ?" ಎಂದು ಗೊಣಗುತ್ತಾ ಹೊರಬಂದ. ಸ್ಕೂಟರ್ ಸ್ಟಾರ್ಟ್ ಮಾಡಿದ, ಆಫ್ ಮಾಡಿದ, ಮತ್ತೆ ಗಾಜಿನ ಬಾಗಿಲಿನೊಳಗೆ ಇಣುಕಿದ.

ಆಗಲೇ ಅಕ್ಕೂರು ಹಳ್ಳಿಯಿಂದ ಒಬ್ಬ ಹೆಂಗಸಿನ ಫೋನ್ ಬಂತು. ಅವನು ಎಂದೋ ಮಾಡಿಕೊಟ್ಟ ಆಲ್ಬಂನ ಹಾಳೆ ಕಿತ್ತುಬಂದಿದೆಯಂತೆ. ಸ್ಟುಡಿಯೋಗೆ ತರಲಾ ಎಂದು ಕೇಳಿದರು.

"ನೀವ್ಯಾಕೆ ತರಕ್ಕೋಯ್ತೀರವ್ವ," ಎಂದ. "ಅಂಟು ಗಾಡೀಲೇ ಐತೆ. ನಾನೇ ಬತ್ತೀನಿ."